ಬರಿಗೈಲೆ ಬಂದೀನ್ರಿ

ನಮ್ಮ ಓಣಿಯಲ್ಲಿ ಒಬ್ಬರ ಮನೆಗೆ ಇನ್ನೊಬ್ಬರು ಹೋಗುವಾಗ ಬಾಗಿಲು ಬಡಿಯುವ ರೂಢಿಯಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಸೀದಾ ಅಡುಗೆಮನೆಗೆ ಬಂದು, ಇವತ್ತೇನು ಪಲ್ಯ ಎಂದು ಮುಚ್ಚಳ ತೆಗೆದು ನೋಡುವವರೇ ಎಲ್ಲರೂ. ಅದೇ ಓಣಿಯ ಕಾಕಾ ಮಾತ್ರ ಹಾಗೆ ಬರುತ್ತಿರಲಿಲ್ಲ. ಓಣಿಯ ತಿರುವಿನಲ್ಲಿ, ಹಿಟ್ಟಿನ ಗಿರಣಿಯ ಹತ್ತಿರ ನಿಂತು, ಎರಡೂ ಕೈ ಮೇಲೆತ್ತಿ ಕೂಗುತ್ತಿದ್ದರು.

“ಅಕ್ಕೋರ, ಬರಿಗೈಲೆ ಬಂದೀನ್ರಿ! ಏನೂ ತಂದಿಲ್ರಿ!”

ನಾನು ಸರ್ಕಾರಿ ಸಾಲಿಯ ಟೀಚರು. ಆ ಕಾಲಕ್ಕೆ ಬೀದರಿನ ಆ ಓಣಿಗೆ ಹೊಸದಾಗಿ ಬಂದಿದ್ದೆ. ಮೊದಲ ಸಲ ಈ ಕೂಗು ಕೇಳಿದಾಗ ಯಾರೋ ತಲೆ ಕೆಟ್ಟವರಿರಬೇಕು ಎಂದುಕೊಂಡೆ. ನಮ್ಮ ಕಡೆ ಮಕ್ಕಳಿರುವ ಮನೆಗೆ, ಮುದುಕರಿರುವ ಮನೆಗೆ ಬರಿಗೈಲೆ ಹೋಗಬಾರದು ಎನ್ನುತ್ತಾರೆ. ಒಂದು ಬಾಳೆಹಣ್ಣಾದರೂ ಕೈಯಲ್ಲಿರಬೇಕು. ಈ ಮನುಷ್ಯ ನೋಡಿದರೆ ಏನೂ ತಂದಿಲ್ಲವೆಂದು ಡಂಗುರ ಸಾರಿಕೊಂಡು ಬರುತ್ತಾರೆ! ಓಣಿಯವರು ಅವರಿಗೆ ಬರಿಗೈ ಕಾಕಾ ಎಂದೇ ಹೆಸರಿಟ್ಟಿದ್ದರು. ಕಾಕಿಯೂ ಬಿಡುತ್ತಿರಲಿಲ್ಲ. “ಲಗ್ನಕ್ಕೂ ಹಿಂಗೇ ಬಂದಿದ್ರು ನೋಡ್ರಿ. ನಮ್ಮಪ್ಪ ಆಗೇ ತಿಳ್ಕೋಬೇಕಿತ್ತು,” ಎನ್ನುತ್ತಿದ್ದರು.

ಕಳೆದ ಶ್ರಾವಣದಲ್ಲಿ ಕಾಕಾ ಹೋದರು. ಮಧ್ಯಾಹ್ನ ಊಟ ಮಾಡಿ ಗೋಡೆಗೆ ಒರಗಿ ಕೂತವರು ಏಳಲಿಲ್ಲ. ಅವರ ಜೊತೆ ಸೈನ್ಯದಲ್ಲಿದ್ದ ಹಳೆಯ ಗೆಳೆಯರು ಬಂದು, ಬೆನ್ನು ನೆಟ್ಟಗೆ ಮಾಡಿ ನಿಂತು ಸಲಾಮು ಹೊಡೆದರು. ಒಳ್ಳೆಯ ಮಾತು ಆಡಿದರು. ಅವರು ಹೇಳಿದ್ದೆಲ್ಲ ಖರೆ. ಆದರೆ ನನಗೆ ಗೊತ್ತಿದ್ದ ಕಾಕಾ ಆ ಮಾತುಗಳಲ್ಲಿ ಎಲ್ಲೂ ಇರಲಿಲ್ಲ. ನನಗೆ ಗೊತ್ತಿದ್ದ ಕಾಕಾ ಡಾಬಕಾ ಎಂಬ ಹಳ್ಳಿಯ ಒಬ್ಬ ತಾಯಿಗೆ ಒಂದು ಸುಳ್ಳು ಹೇಳಿ ಬಂದವರು. ಅದನ್ನು ಆಕೆಯ ಮುಂದೆ ಒಪ್ಪಿಕೊಳ್ಳಬೇಕೋ, ಹಾಗೇ ಬಿಡಬೇಕೋ ಎಂಬ ಚಿಂತೆಯೇ ಅವರ ಕೊನೆಯ ವರ್ಷಗಳನ್ನು ತಿಂದು ಹಾಕಿತು.

ನೋಡಲು ಅವರು ಎತ್ತರದ ಆಳು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ವಿಭೂತಿ. ಎಡಗಡೆಯ ಹೆಗಲು ಸ್ವಲ್ಪ ಕೆಳಗೆ ಜಗ್ಗಿತ್ತು. ಅದು ಗುಂಡಿನ ಪೆಟ್ಟು ಎಂದು ಓಣಿಯ ಹುಡುಗರು ಕಥೆ ಕಟ್ಟಿದ್ದರು. ಕೇಳಿದರೆ ಕಾಕಾ ನಗುತ್ತಿದ್ದರು. “ಗುಂಡು ನನಗ ಹುಡುಕ್ಯಾಡಿ ಸುಸ್ತಾಗಿ ಹೋಯ್ತಪ್ಪಾ,” ಎನ್ನುತ್ತಿದ್ದರು.

ಒಂದು ವಿಚಿತ್ರ ಅವರಲ್ಲಿತ್ತು. ಮುಚ್ಚಿದ ಪೆಟ್ಟಿಗೆ ಕಂಡರೆ ಅವರಿಗೆ ತಡೆಯುತ್ತಿರಲಿಲ್ಲ. ಒಮ್ಮೆ ನಮ್ಮ ಮನೆಗೆ ಹೊಸ ಮಿಕ್ಸಿ ಬಂತು. ಅಮಾವಾಸ್ಯೆ ಕಳೆಯಲಿ, ಆಮೇಲೆ ತೆಗೆದರಾಯಿತು ಎಂದು ಮೂಲೆಯಲ್ಲಿಟ್ಟಿದ್ದೆ. ಕಾಕಾ ಚಾ ಕುಡಿಯಲು ಬಂದವರು ಅದನ್ನೇ ನೋಡುತ್ತ ಕೂತರು. ಚಾ ಆರಿತು.

“ತಗದ್ ನೋಡ್ರಿ ಅಕ್ಕೋರ.”

“ಒಳಗ ಮಿಕ್ಸಿನೇ ಅದರಿ ಕಾಕಾ. ಮ್ಯಾಲ ಚಿತ್ರ ಸುದ್ದಾ ಅದ.”

“ಚಿತ್ರ ಇರ್ಲಿ. ನೀವು ಕಣ್ಣಿಲೆ ನೋಡೀರೇನು? ಮುಚ್ಚಿದ್ದು ಮನಿಯೊಳಗ ಇಟ್ಕೋಬ್ಯಾಡ್ರಿ.”

ತಾವೇ ಎದ್ದು ಕತ್ತರಿ ತಂದರು. ಮಿಕ್ಸಿ ಹೊರಗೆ ಬಂದ ಮೇಲೆ ಅದರ ಮೇಲೊಮ್ಮೆ ಕೈಯಾಡಿಸಿ, ನಿಟ್ಟುಸಿರು ಬಿಟ್ಟು, ಆರಿದ ಚಾ ಕುಡಿದು ಹೋದರು. ಅವತ್ತು ರಾತ್ರಿ ನಾವು ಗಂಡ ಹೆಂಡತಿ ಅದನ್ನೇ ನೆನೆದು ನಕ್ಕೆವು. ಈಗ ಆ ನಗು ನೆನೆದರೆ ನಾಚಿಕೆಯಾಗುತ್ತದೆ.

ಇನ್ನೊಂದು, ಶಾಲಿನ ವಿಷಯ. ಜನವರಿ ಇಪ್ಪತ್ತಾರು, ಆಗಸ್ಟ್ ಹದಿನೈದು ಬಂತೆಂದರೆ ಮಾಜಿ ಸೈನಿಕರಿಗೆ ಎಲ್ಲಿಲ್ಲದ ಗಿರಾಕಿ. ಆ ಸಾಲಿಯವರು ಕರೆಯುತ್ತಾರೆ, ಈ ಸಂಘದವರು ಕರೆಯುತ್ತಾರೆ, ಶಾಲು ಹೊದಿಸಿ ಹಾರ ಹಾಕುತ್ತಾರೆ. ಕಾಕಾ ಎಲ್ಲ ಕಡೆಗೂ ಹೋಗುತ್ತಿದ್ದರು. ಕರೆದವರ ಮನಸ್ಸು ಮುರಿಯಬಾರದು ಎನ್ನುವುದು ಅವರ ಲೆಕ್ಕ. ಮನೆಗೆ ಬಂದ ಮೇಲೆ ಶಾಲುಗಳೆಲ್ಲ ನಮ್ಮ ಓಣಿ ಗುಡಿಸುವ ಹೆಂಗಸರ ಪಾಲು. ಬೀದರಿನ ಚಳಿ ಗೊತ್ತಿದ್ದವರಿಗೆ ಗೊತ್ತು. ಬೆಳಬೆಳಗ್ಗೆ ಆ ಹೆಂಗಸರು ಜರಿ ಅಂಚಿನ ಸನ್ಮಾನದ ಶಾಲು ಸುತ್ತಿಕೊಂಡು ಕಸ ಹೊಡೆಯುತ್ತಿದ್ದರು. “ಬಂದವಗ ಶಾಲು, ಬರಲಾರದವಗ ಭಾಷಣ. ನಮ್ಮ ಮಂದಿ ಲೆಕ್ಕ ಹಿಂಗದ ನೋಡ್ರಿ,” ಎಂದು ಕಾಕಾ ಒಮ್ಮೆ ಹೇಳಿದ್ದರು. ಕಹಿಯಿಂದ ಹೇಳಿದ್ದಲ್ಲ, ಸುಮ್ಮನೆ ಹೇಳಿದ್ದು.

ಆ ಬರಿಗೈ ಕೂಗಿನ ಮೂಲ ನನಗೆ ತಿಳಿದದ್ದು ಪರಿಚಯವಾಗಿ ಬಹಳ ದಿನಗಳಾದ ಮೇಲೆ. ಕಾಕಾ ಭಾಲ್ಕಿ ತಾಲೂಕಿನ ಭಾತಂಬ್ರಾದವರು. ಒಕ್ಕಲುತನದ ಮನೆ. ಸೈನ್ಯದಲ್ಲಿ ಅವರಿಗೊಂದು ಕೆಲಸ ಅಂಟಿಕೊಂಡಿತು, ಬೇಕೆಂದು ಕೇಳಿ ಪಡೆದದ್ದಲ್ಲ. ಈ ಸೀಮೆಯ ಯಾವ ಹುಡುಗ ಗಡಿಯಲ್ಲಿ ತೀರಿಕೊಂಡರೂ ಪೆಟ್ಟಿಗೆಯ ಜೊತೆಗೆ ಇವರನ್ನು ಕಳಿಸುತ್ತಿದ್ದರು. ಕನ್ನಡ ಬರುತ್ತದೆ, ಮರಾಠಿ ಬರುತ್ತದೆ, ದಖನಿ ಉರ್ದುವೂ ಬರುತ್ತದೆ. ತಾಯಿ ತಂದೆಯ ಹತ್ತಿರ ಅವರದೇ ಮಾತಿನಲ್ಲಿ ಮಾತಾಡಬಲ್ಲ ಮನುಷ್ಯ ಎಂದು. ವಿಮಾನದಲ್ಲಿ ಪೆಟ್ಟಿಗೆಯ ಪಕ್ಕದಲ್ಲಿ ಕೂತು ಬರುವುದು, ಆಮೇಲೆ ಲಾರಿ, ಆಮೇಲೆ ಹಳ್ಳಿಯ ದಾರಿ, ಆಮೇಲೆ ಆ ಮನೆಯ ಬಾಗಿಲು.

ಕ್ರಮೇಣ ಹಳ್ಳಿಗಳಿಗೆ ಅವರ ಮುಖ ಪರಿಚಯವಾಯಿತು. ಮಗನನ್ನು ಸೈನ್ಯಕ್ಕೆ ಕಳಿಸಿದ ತಾಯಂದಿರು ಸಂತೆಯಲ್ಲಿ ಕಾಕಾನನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ರಜೆಗೆ ಊರಿಗೆ ಬಂದು ಒಂದು ಮದುವೆಗೆ ಹೋದರೆ, ಊಟಕ್ಕೆ ಕೂತ ಹೆಂಗಸೊಬ್ಬಳು ತುತ್ತು ಬಿಟ್ಟು ಎದ್ದು ಹೋದಳಂತೆ. ಅವಳ ಮಗ ಆಗ ಗಡಿಯಲ್ಲಿದ್ದ. ಕೊನೆಗೆ ಕಾಕಾನ ತಾಯಿಯೇ ಮಗನನ್ನು ಕೂಡ್ರಿಸಿಕೊಂಡು ಹೇಳಿದರು: “ನೀ ಮಾಡೋದು ಪುಣ್ಯದ ಕೆಲಸ ಮಗಾ. ಖರೆ, ನೀ ಬಂದಿ ಅಂದ್ರ ಮಂದಿ ಎದಿ ಒಡೀತದ. ಯಾರ ಮನಿಗಿ ಹೋದ್ರೂ ದೂರ ನಿಂತು ಕೂಗು. ಕೈ ಎತ್ತಿ ತೋರಸು. ಏನೂ ತಂದಿಲ್ಲ ಅನ್ನು. ಆಮ್ಯಾಲ ಒಳಗ ಹೋಗು.”

ಅವತ್ತಿನಿಂದ ಹಿಡಿದ ಪದ್ಧತಿ. ನಿವೃತ್ತಿಯಾದರೂ ಬಿಡಲಿಲ್ಲ, ಮಕ್ಕಳೆಲ್ಲ ಅಂಗಡಿ ಇಟ್ಟುಕೊಂಡು, ಸೈನ್ಯದಲ್ಲಿ ಒಬ್ಬರೂ ಇಲ್ಲದ ನಮ್ಮ ಓಣಿಯಲ್ಲೂ ಬಿಡಲಿಲ್ಲ. ಇದನ್ನು ಕೇಳಿದ ಮೇಲೆ ನಾನು ಬರಿಗೈ ಕಾಕಾ ಎಂಬ ಹೆಸರು ಬಾಯಲ್ಲಿ ತರಲಿಲ್ಲ.

ಆ ಓಣಿಗೆ ಬರುವ ಮೊದಲು ನಾನು ಔರಾದ ತಾಲೂಕಿನ ಡಾಬಕಾದಲ್ಲಿ ಕೆಲವು ವರ್ಷ ಕಲಿಸಿದ್ದೆ. ಮಹಾರಾಷ್ಟ್ರ ಅಲ್ಲಿಂದ ಕೂಗಳತೆ. ಅರ್ಧ ಊರು ಮನೆಯಲ್ಲಿ ಒಂದು ಭಾಷೆ, ಬಾವಿಕಟ್ಟೆಯಲ್ಲಿ ಇನ್ನೊಂದು ಭಾಷೆ ಆಡುತ್ತದೆ. ಅಲ್ಲಿ ಕುರುಬರ ಮನೆಯ ಹೆಣ್ಣುಮಗಳೊಬ್ಬಳಿದ್ದಳು, ಊರೆಲ್ಲ ಆಕೆಯನ್ನು ಆಯಿ ಎನ್ನುತ್ತಿತ್ತು. ಆಕೆಯ ಹಿರಿಯ ಮಗ ಸೈನ್ಯದಲ್ಲಿ ತೀರಿಹೋಗಿದ್ದ. ಪೆಟ್ಟಿಗೆ ತಂದವರು ಕಾಕಾ. ಇದು ನನಗೆ ಬೀದರಿಗೆ ಬಂದ ಮೇಲೆ ಕಾಕಾನ ಬಾಯಿಂದಲೇ ತಿಳಿಯಿತು. ಅಣ್ಣ ಹೋದ ಮೇಲೆ ಕಿರಿಯವನೂ ಸೈನ್ಯಕ್ಕೇ ಸೇರಿದ. ಬೇಡವೆನ್ನಲು ಆಯಿಗೆ ಬಾಯಿ ಬರಲಿಲ್ಲವೋ, ಆತನೇ ಕೇಳಲಿಲ್ಲವೋ, ನನಗೆ ತಿಳಿಯದು.

ಒಂದು ವರ್ಷ ಡಾಬಕಾದ ತರುಣರ ಸಂಘದವರು ಬೀದರಿಗೆ ಬಂದು ನನ್ನ ಮನೆ ಹುಡುಕಿದರು. ಎಲ್ಲ ನನ್ನ ಕೈಯಲ್ಲಿ ಕಲಿತವರೇ. ಜನವರಿ ಇಪ್ಪತ್ತಾರಕ್ಕೆ ಆಯಿಗೆ ಸನ್ಮಾನ ಮಾಡಬೇಕು, ಪೆಟ್ಟಿಗೆ ತಂದ ಸಾಹೇಬರೇ ಶಾಲು ಹೊದಿಸಬೇಕು, ಅದೂ ಸಮವಸ್ತ್ರ ಹಾಕಿ, ಪದಕ ತೂಗುಹಾಕಿ ಬರಬೇಕು ಎಂಬುದು ಅವರ ಆಸೆ. ನಾನು ಅವರನ್ನು ಕಾಕಾನ ಮನೆಗೆ ಕರೆದುಕೊಂಡು ಹೋದೆ. ಸಮವಸ್ತ್ರ ಎಂದ ಕೂಡಲೆ ಕಾಕಾ ಬೇಡವೆಂದು ತಲೆಯಲ್ಲಾಡಿಸಿದರು. ಹುಡುಗರು ಕಾಲು ಹಿಡಿದರು. ಕೊನೆಗೆ ಕಾಕಿಯೇ, “ಪಾಪ, ಊರ ಪಾರಗೋಳು ಇಷ್ಟು ಪ್ರೀತಿಲೆ ಕರೀಲತಾರ, ಹಾಕ್ಕೊಂಡು ಹೋಗ್ರಿ,” ಎಂದು ಟ್ರಂಕಿನಿಂದ ಸಮವಸ್ತ್ರ ತೆಗೆದು ಬಿಸಿಲಿಗೆ ಹಾಕಿದರು.

ಹುಡುಗರ ಪ್ರೀತಿಗೆ ಕಣ್ಣಿರಲಿಲ್ಲ. ಆಯಿಗೆ ಹೇಳಿದರೆ ಸಂಕೋಚಪಟ್ಟು ಬರುವುದಿಲ್ಲವೆಂದು ಆಕೆಗೆ ಏನೂ ತಿಳಿಸದೆ ಇಟ್ಟಿದ್ದರು, ಅದನ್ನು ನಮಗೂ ಹೇಳಿರಲಿಲ್ಲ. ಜೀಪಿಗೆ ಬಾವುಟ ಕಟ್ಟಿ, ಕಾಕಾನನ್ನು ಮುಂದಿನ ಸೀಟಿನಲ್ಲಿ ಕೂಡ್ರಿಸಿ, ಆ ಜೀಪಿನಲ್ಲೇ ಆಯಿಯನ್ನು ಮೆರೆಸುತ್ತ ವೇದಿಕೆಗೆ ಕರೆತರುವುದು ಅವರ ಯೋಜನೆ. ನಾನೂ ಹಿಂದೆ ಕೂತಿದ್ದೆ.

ಊರ ಹತ್ತಿರದ ನಳದ ಬಳಿ ಹೆಂಗಸರು ನೀರು ತುಂಬುತ್ತಿದ್ದರು. ಜೀಪು ಕಂಡಿತು, ಬಾವುಟ ಕಂಡಿತು, ಸಮವಸ್ತ್ರದಲ್ಲಿ ಆ ಮುಖ ಕಂಡಿತು. ಅವರ ಮಾತು ನಿಂತಿತು. ಒಬ್ಬೊಬ್ಬರೇ ಸೆರಗು ತಲೆಯ ಮೇಲೆ ಎಳೆದುಕೊಂಡರು. ಒಬ್ಬಳು ಆಯಿಯ ಮನೆಯ ಕಡೆ ಓಡತೊಡಗಿದಳು. ಆಗ ಕಾಕಾ, “ನಿಲ್ಲಸು! ನಿಲ್ಲಸಲೇ!” ಎಂದು ಚೀರಿದರು. ಅವರ ಬಾಯಲ್ಲಿ ಅಂಥ ದನಿ ನಾನು ಆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ಜೀಪಿನಿಂದ ಇಳಿದವರೇ ಅಂಗಿಯ ಗುಂಡಿಗಳಿಗೆ ಕೈ ಹಾಕಿದರು. ಬಿಚ್ಚಲು ಬರಲಿಲ್ಲ, ಕಿತ್ತರು. ಪದಕಗಳ ಸಮೇತ ಅಂಗಿಯನ್ನು ಜೀಪಿನೊಳಗೆ ಎಸೆದು, ಆ ಚಳಿಯಲ್ಲಿ ಬರೀ ಬನಿಯನ್ನಿನ ಮೇಲೆ, ಎರಡೂ ಕೈ ಆಕಾಶಕ್ಕೆ ಎತ್ತಿಕೊಂಡು ಓಡಿದರು. “ಆಯಿ! ಬರಿಗೈಲೆ ಬಂದೀನಿ! ಏನೂ ತಂದಿಲ್ಲ ಆಯಿ! ಹುಡುಗ ಆರಾಮ ಹಾನ! ಏನೂ ತಂದಿಲ್ಲ!” ವಯಸ್ಸಾದ ಮನುಷ್ಯ, ಎದೆಯ ಮೇಲಿನ ಬಿಳಿ ಕೂದಲು, ಓಡುವಾಗಲೂ ಕೆಳಗೆ ಜಗ್ಗಿದ ಆ ಎಡ ಹೆಗಲು. ನನಗೆ ಅಳು ಬಂತು. ಹುಡುಗರು ಹಾರ ಹಿಡಿದು ನಿಂತಲ್ಲೇ ನಿಂತಿದ್ದರು.

ನಾವು ಮನೆ ಮುಟ್ಟುವಷ್ಟರಲ್ಲಿ ಒಳಗಿನಿಂದ ಹೊಗೆ ಮತ್ತು ಹಬೆ ಬರುತ್ತಿತ್ತು. ಸುದ್ದಿ ಮುಟ್ಟಿದ ಕೂಡಲೆ ಆಯಿ ಉರಿಯುವ ಒಲೆಗೆ ಕೊಡದ ನೀರು ಸುರಿದಿದ್ದಳು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಲ್ಲ. ಅತ್ತಿರಲಿಲ್ಲ, ಕೂಗಿರಲಿಲ್ಲ. ಆಕೆ ಮಾಡಿದ ಮೊದಲ ಕೆಲಸ ಅದು. ತವೆಯ ಮೇಲೆ ಅರ್ಧ ಬೆಂದ ರೊಟ್ಟಿ ಹಾಗೇ ಇತ್ತು.

ಕಾಕಾ ಒಲೆಯ ಮುಂದೆ ಮಂಡಿಯೂರಿ ಕೂತರು. ಒದ್ದೆ ಬೂದಿ ಬಾಚಿ ಹಾಕಿ, ಒಣ ಕಟ್ಟಿಗೆ ಇಟ್ಟು, ಊದುಗೊಳವೆಯಿಂದ ಊದತೊಡಗಿದರು. ಕಣ್ಣಿನಿಂದ ನೀರು ಸುರಿಯುತ್ತಿತ್ತು. ಹೊಗೆ ಎಂದುಕೊಳ್ಳಲು ಅನುಕೂಲವಿತ್ತು. ಬೆಂಕಿ ಹತ್ತಿದ ಮೇಲೆ ಸಂಘದ ಹುಡುಗರು ತಲೆ ತಗ್ಗಿಸಿ ಅಂಗಳಕ್ಕೆ ಬಂದರು. ಆಯಿ ಹೊಸ್ತಿಲ ಮೇಲೆ ಕೂತಿದ್ದಳು.

“ಉಪಕಾರ ನೆನೆಸೋದಾದ್ರ ನಡಕೊಂತ ಬರ್ರಿ,” ಎಂದಳು. “ಬೀಗರು ಬಂದಂಗ ಬರ್ರಿ, ರೊಟ್ಟಿ ತಿಂದು ಹೋಗ್ರಿ. ಜೀಪಿನ್ಯಾಗ ಬರಬ್ಯಾಡ್ರಿ.”

ಆ ಹುಡುಗರು ಅಂದಿನಿಂದ ಹಾಗೇ ಮಾಡುತ್ತಾರೆ. ಬಾವುಟ ಹಾರಿಸಿದ ಮೇಲೆ ಸುಮ್ಮನೆ ನಡೆದುಕೊಂಡು ಹೋಗಿ ಆಯಿಯ ಅಂಗಳದಲ್ಲಿ ಕೂತು ಎದ್ದು ಬರುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಸನ್ಮಾನ ಈ ಜಿಲ್ಲೆಯಲ್ಲಿ ಎಲ್ಲೂ ನಡೆಯುವುದಿಲ್ಲ.

ಅವತ್ತು ಹೊರಡುವ ಮುಂಚೆ ಆಯಿ ತೀರಿಹೋದ ಹಿರಿಯ ಮಗನ ಬಗ್ಗೆ ಕಾಕಾನನ್ನು ಒಂದು ಮಾತು ಕೇಳಿದಳು. ನಾನು ಪಕ್ಕದಲ್ಲೇ ಇದ್ದೆ.

“ನೀ ಅವನ ಮುಖ ನೋಡಿದ್ದಿ ಅಲಾ?”

“ನೋಡೀನಿ ಆಯಿ,” ಎಂದರು ಕಾಕಾ. “ಮಲಗಿದಂಗ ಇತ್ತು.”

ಆಯಿ ತಲೆಯಾಡಿಸಿದಳು. ಇದು ಅವರಿಬ್ಬರ ನಡುವೆ ಹಳೆಯ ಮಾತು ಎಂದು ನನಗೆ ಗೊತ್ತಾಯಿತು. ತಿರುಗಿ ಬರುವಾಗ ಕಾಕಾ ಜೀಪು ಹತ್ತಲಿಲ್ಲ. ಔರಾದಿನ ಬಸ್ಸಿಗಾಗಿ ನಾವಿಬ್ಬರೂ ಹೊಂಗೆ ಮರದ ಕೆಳಗೆ ಕೂತೆವು. ಅಲ್ಲಿ ಅವರು ಹೇಳಿದರು.

“ನಾ ಮುಖ ನೋಡಿಲ್ರಿ ಅಕ್ಕೋರ. ಪೆಟ್ಟಿಗಿ ಮುಚ್ಚೇ ಬಂದಿತ್ತು. ತಗೀಬಾರ್ದು ಅಂತ ಹುಕುಂ ಇತ್ತು.”

ಸ್ಫೋಟದಲ್ಲಿ ಹೋದವನು. ಇದ್ದಾಗ ಕುಸ್ತಿಯಾಡುತ್ತಿದ್ದ, ಬಾಗಿಲಿಗೆ ಬಗ್ಗಿ ಒಳಗೆ ಬರಬೇಕಾದಂಥ ಆಳು. ಲಾರಿ ಊರ ಹೊರಗೆ ನಿಂತಿತು, ಅಲ್ಲಿಂದ ಹೆಗಲ ಮೇಲೆ. ಮುಂದಿನ ಮೂಲೆಗೆ ಕಾಕಾ ತಾವೇ ಎಡ ಹೆಗಲು ಕೊಟ್ಟರು. ಇಂಥ ಪೆಟ್ಟಿಗೆಗಳನ್ನು ಖಾಲಿ ಇರುವಾಗಲೂ ಎತ್ತಿದವರು ಅವರು. ಹಲಗೆಯದು ಎಷ್ಟು, ಒಳಗಿನದು ಎಷ್ಟು ಎಂದು ಲಾರಿಗೆ ಏರಿಸುವಾಗಲೇ ಅವರಿಗೆ ತಿಳಿದಿತ್ತು. ಈಗ ಊರಿನವರಿಗೂ ತಿಳಿಯಿತು. ಹೆಗಲು ಕೊಟ್ಟವರೆಲ್ಲ ಕುರುಬರ ಗಂಡಸರು, ದಿನ ಬೆಳಗಾದರೆ ಕುರಿ ಎತ್ತಿ ನೋಡಿ ಬೆಲೆ ಹೇಳುವವರು. ಒಬ್ಬರ ಮುಖ ಒಬ್ಬರು ನೋಡಿದರು. ಆಯಿ ಎದುರಿಗೇ ನಿಂತಿದ್ದಳು.

ಆಗ ಅವರಲ್ಲಿ ಹಿರಿಯವನು ಮೊಣಕಾಲು ಬಗ್ಗಿಸಿದನಂತೆ. ಭಾರಕ್ಕೆ ಕುಸಿದವನಂತೆ. ಅವನನ್ನು ನೋಡಿ ಉಳಿದವರೂ ಬಗ್ಗಿದರು. ಹಲ್ಲು ಕಚ್ಚಿದರು, ಏದುಸಿರು ಬಿಟ್ಟರು. ಕಾಕಾನೂ ಎಡ ಹೆಗಲು ಕೆಳಗೆ ಜಗ್ಗಿಸಿ, “ಹೆಗಲು ಬದಲ ಮಾಡ್ರಿ, ಭಾಳ ವಜನ ಅದ!” ಎಂದು ಕೂಗಿದರು. ಇನ್ನಿಬ್ಬರು ಓಡಿ ಬಂದರು. ಎತ್ತಿದ ಕೂಡಲೆ ಅವರಿಗೂ ತಿಳಿಯಿತು, ಅವರೂ ಬಗ್ಗಿದರು. ಹಾಗೆ ಬಗ್ಗಿ ಬಗ್ಗಿ ಮನೆಯವರೆಗೆ, ಮನೆಯಿಂದ ಹೊಲದವರೆಗೆ. ಒಬ್ಬರೂ ಒಂದು ಮಾತು ಆಡಲಿಲ್ಲ. ಅಂದಿನಿಂದ ಇಂದಿನವರೆಗೂ ಆ ಊರಲ್ಲಿ ಯಾರೂ ಆಡಿಲ್ಲ.

“ಮುಖ ತೋರಸು ಅಂದಳು ಆಯಿ. ನಾ ಮುಚ್ಚಳದ ಮ್ಯಾಲ ಎರಡೂ ಕೈ ಇಟ್ಟೆ. ಆಕಿ ಜಗಳಾಡಲಿಲ್ಲ. ನೀ ನೋಡೀ ಏನು ಅಂದಳು. ನೋಡೀನಿ ಅಂದೆ. ಮಲಗಿದಂಗ ಅದ ಅಂದೆ. ಮತ್ತೇನ್ ಅನಲಿ ಹೇಳ್ರಿ?”

ಪ್ರತಿ ವರ್ಷ ಕಾಕಾ ಒಮ್ಮೆ ಡಾಬಕಾಕ್ಕೆ ಹೋಗುತ್ತಿದ್ದರು. ಪ್ರತಿ ಸಲ ಆಯಿ ಅದೇ ಮಾತು ಕೇಳುತ್ತಿದ್ದಳು. ಪ್ರತಿ ಸಲ ಇವರು ಅದೇ ಸುಳ್ಳು ಹೇಳಿ ಬರುತ್ತಿದ್ದರು. ಹೇಳಿ ಬಂದ ಮೇಲೆ ಕೆಲವು ದಿನ ಉಣ್ಣುತ್ತಿರಲಿಲ್ಲವೆಂದು ಕಾಕಿ ಹೇಳಿದ್ದು ನೆನಪಾಯಿತು.

“ಭಾರ ಇದ್ರ ಎಲ್ಲ್ಯಾರ ಇಳಸಬಹುದು ಅಕ್ಕೋರ,” ಎಂದರು, ಎಡ ಹೆಗಲು ಮುಟ್ಟಿಕೊಂಡು. “ಹಗುರಿದ್ದದ್ದು ಹ್ಯಾಂಗ ಇಳಸಬೇಕ್ರಿ?”

ಆಮೇಲಿನ ದಿನಗಳಲ್ಲಿ ನಾವಿಬ್ಬರೂ ಇದನ್ನೇ ಎಷ್ಟೋ ಸಲ ಮಾತಾಡಿದೆವು. ಹೇಳಬೇಡಿರೆಂದು ನಾನು. ಆಯಿ ಸಮಾಧಾನದಿಂದಿದ್ದಾಳೆ, ಯಾಕೆ ಕೆದಕುತ್ತೀರಿ ಎಂದು. ಕಾಕಾ ಕೇಳಿಸಿಕೊಳ್ಳುತ್ತಿದ್ದರು, ಒಪ್ಪಿದಂತೆ ಕಾಣುತ್ತಿದ್ದರು, ವಾರದ ನಂತರ ಮತ್ತೆ ಅಲ್ಲಿಗೇ ಬರುತ್ತಿದ್ದರು. “ಅಕಸ್ಮಾತ್ ಅವನೇ ಅಲ್ಲಂದ್ರ? ನಾ ಯಾರನ್ನ ಕೊಟ್ಟು ಬಂದೀನಿ? ನಾ ಸತ್ತ ಮ್ಯಾಲ ಆಕಿಗಿ ಹೇಳೋರು ಯಾರು?” ಅವರ ಮನೆಗೆ ಹೋದಾಗ ಎಷ್ಟೋ ಸಲ ಗೋಡೆ ನೋಡುತ್ತ ಕೂತಿರುತ್ತಿದ್ದರು. ನಾನು ಬಂದದ್ದು ಗೊತ್ತಾದರೆ ಬೆಚ್ಚಿ ಕೈಯೆತ್ತುತ್ತಿದ್ದರು, ತಮ್ಮ ಮನೆಯಲ್ಲೇ.

ಎದೆಯ ಬೇನೆ ಬಂದು ಆಸ್ಪತ್ರೆಯಿಂದ ವಾಪಸಾದ ಮೇಲೆ ಕಾಕಾ ನಿರ್ಧಾರ ಮಾಡಿದರು. ದೀಪಾವಳಿ ಕಳೆದಿತ್ತು. “ನೀವೂ ಬರ್ರಿ ಅಕ್ಕೋರ. ನನ್ನ ಬಾಯಿ ನಡಾವ ನಿಂತ್ರ ನೀವು ಹೇಳ್ರಿ,” ಎಂದರು. ಬೇಡವೆನ್ನಲು ನನಗೆ ಧೈರ್ಯವಾಗಲಿಲ್ಲ. ಬೀದರಿನಿಂದ ಔರಾದ, ಅಲ್ಲಿಂದ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ತೊಗರಿ ಹೂಬಿಟ್ಟಿತ್ತು.

ಆಯಿ ಅಂಗಳದಲ್ಲಿ ಕಾಲು ಚಾಚಿ ಕೂತು ಉಣ್ಣೆ ನೂಲುತ್ತಿದ್ದಳು. ದೊಡ್ಡ ಕುರಿಗಳು ಮೇಯಲು ಹೋಗಿದ್ದವು. ಮರಿಗಳನ್ನು ಬೇಲಿ ಕಟ್ಟಿ ಕೂಡಿದ್ದರು, ಈಗಷ್ಟೇ ಹುಟ್ಟಿದವನ್ನು ದೊಡ್ಡ ಬುಟ್ಟಿಯ ಕೆಳಗೆ ಮುಚ್ಚಿಟ್ಟಿದ್ದರು. ನೀರು ಕೊಟ್ಟಳು, ಚಾ ಮಾಡಿದಳು. ಕಿರಿಯ ಮಗ ಫೋನು ಮಾಡಿದ್ದನೆಂದೂ ಅಲ್ಲಿ ಹಿಮ ಬಿದ್ದಿದೆಯೆಂದೂ ಹೇಳಿದಳು. ಆಮೇಲೆ ತಾನಾಗಿಯೇ ಕೇಳಿದಳು.

“ನೀ ಅವನ ಮುಖ ನೋಡಿದ್ದಿ ಅಲಾ?”

ಕಾಕಾ ಲೋಟ ಕೆಳಗಿಟ್ಟರು.

“ಇಲ್ಲ ಆಯಿ. ನೋಡಿಲ್ಲ. ಸುಳ್ಳ ಹೇಳೀನಿ. ಪೆಟ್ಟಿಗಿ ಹಗುರ ಇತ್ತು.”

ಆಯಿಯ ಕೈ ನಿಲ್ಲಲಿಲ್ಲ. ಕದಿರು ತಿರುಗುತ್ತಲೇ ಇತ್ತು.

“ಗೊತ್ತದ,” ಎಂದಳು.

ಕಾಕಾ ತಲೆಯೆತ್ತಿದರು.

“ಅವತ್ತೇ ಗೊತ್ತಾಗ್ಯದ. ಅವ ಕುಸ್ತಿ ಗೆದ್ದು ಬಂದಾಗ ಈ ಮಂದಿನೇ ಅವನ್ನ ಹೆಗಲ ಮ್ಯಾಲ ಕುಂದರ್ಸಿಕೊಂಡು ಊರ ತುಂಬ ಕುಣದಾರ. ಒಬ್ಬರ ಮೊಣಕಾಲೂ ಬಗ್ಗಿರಲಿಲ್ಲ. ಅವತ್ತ ಎಲ್ಲಾರೂ ಬಗ್ಗಿದ್ರು. ನಾ ಕುರಿ ಎತ್ತಿದಾಕಿ ಅಲ್ಲೇನು? ಭಾರ ಹೊತ್ತವರು ಹ್ಯಾಂಗ ನಡೀತಾರ ನನಗ ತಿಳೀದೇ?”

“ಮತ್ತ ಪ್ರತಿ ಸಲ ಯಾಕ ಕೇಳ್ತಿದ್ದಿ ಆಯಿ?” ಎಂದರು ಕಾಕಾ.

ಆಯಿ ನೂಲುತ್ತಲೇ ಹೇಳಿದಳು. “ನೀ ಕಣ್ಣು ಕೆಳಗ ಹಾಕಿ ಹೇಳ್ತಿದ್ದಿ. ನಿನಗ ಸಂಕಟ ಆಗ್ತಿತ್ತು. ನನ್ನ ಮಗನ ಸಲುವಾಗಿ ನಾ ಒಬ್ಬಾಕಿನೇ ಸಂಕಟ ಪಡ್ಲತಿಲ್ಲ, ಇನ್ನೊಬ್ಬ ಹಾನ ಅಂತ ಧೈರ್ಯ ಬರ್ತಿತ್ತು. ಅದಕ್ಕ ಕೇಳ್ತಿದ್ದೆ. ನನ್ನದೂ ತಪ್ಪೇ.”

ಎಷ್ಟೋ ವರ್ಷ ಒಬ್ಬರನ್ನೊಬ್ಬರು ಕಾಯುತ್ತ, ಒಬ್ಬರನ್ನೊಬ್ಬರು ಸುಡುತ್ತ ಬಂದಿದ್ದ ಇಬ್ಬರೂ ಹಾಗೆ ಅಂಗಳದಲ್ಲಿ ಕೂತಿದ್ದರು. ಇನ್ನು ಎದ್ದು ಹೊರಡಬಹುದೆಂದು ನನಗನ್ನಿಸಿತು. ಅಷ್ಟರಲ್ಲಿ ಆಯಿ ಕದಿರು ಪಕ್ಕಕ್ಕಿಟ್ಟಳು. ಅಂದು ಮೊದಲ ಸಲ ಕಾಕಾನನ್ನು ನೇರವಾಗಿ ನೋಡಿ ಕೇಳಿದಳು.

“ಹಗುರ ಅಂದ್ರ ಎಷ್ಟು ಹಗುರ? ಪೆಟ್ಟಿಗಿ ಬಿಟ್ಟು ಹೇಳು. ನನ್ನ ಮಗ ಎಷ್ಟಿದ್ದ?”

ಕಾಕಾ ನನ್ನ ಕಡೆ ನೋಡಿದರು. ಕೊನೆಗೆ ಎದ್ದು ಬೇಲಿಯ ಹತ್ತಿರ ಹೋದರು. ಬೆಳೆದ ಮರಿಯೊಂದನ್ನು ಎತ್ತಿದರು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಿಡಿದು ನಿಂತರು. ಅಲ್ಲ ಎನ್ನುವಂತೆ ತಲೆಯಾಡಿಸಿ ಕೆಳಗೆ ಬಿಟ್ಟರು. ಅದಕ್ಕಿಂತ ಸಣ್ಣದೊಂದನ್ನು ಎತ್ತಿದರು. ಅದನ್ನೂ ಬಿಟ್ಟರು. ಆಮೇಲೆ ಬುಟ್ಟಿ ಸರಿಸಿ, ಇನ್ನೂ ಕಾಲು ನಿಲ್ಲದ, ಕಿವಿ ಒದ್ದೆಯಿದ್ದ ಮರಿಯೊಂದನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಬಹಳ ಹೊತ್ತು ಹಿಡಿದುಕೊಂಡೇ ಇದ್ದರು. ನಂತರ ತಂದು ಆಯಿಯ ಮುಂದೆ ಹಿಡಿದರು.

“ಇಷ್ಟು,” ಎಂದರು.

ಆಯಿ ಕೈ ಚಾಚಿ ತೆಗೆದುಕೊಂಡಳು. ಕುರಿಮರಿಯನ್ನು ಹಿಡಿಯುವ ಹಾಗೆ ಹಿಡಿಯಲಿಲ್ಲ. ತಲೆ ಮೊಣಕೈಯ ಮಡಿಕೆಯಲ್ಲಿ ಬರುವಂತೆ ಎಡತೋಳಿನ ಮೇಲೆ ಮಲಗಿಸಿಕೊಂಡು, ಸೆರಗು ಹೊದಿಸಿದಳು.

“ಹುಟ್ಟಿದಾಗೂ ಇಷ್ಟೇ ಇದ್ದ,” ಎಂದಳು.